ಹೋಲಿಸಬೇಡ ಅನ್ನುತ್ತದೆ ಹಾಡು, ಆದರೂ ಹೋಲಿಸುತ್ತಿದ್ದೇನೆ

ಸುರಬಾಯಾದಲ್ಲಿ ನಮ್ಮ ಓಣಿ ಮುಗಿಯುವ ಕಡೆ ಒಂದು ವಾರ್ಕೊಪ್ ಇದೆ. ವಾರುಂಗ್ ಕೋಪಿ ಅನ್ನುವುದನ್ನು ಇಂಡೋನೇಷ್ಯಾದವರು ಹೀಗೆ ಮೊಟಕು ಮಾಡಿದ್ದಾರೆ. ನಮ್ಮ ಕಡೆಯ ಗೂಡಂಗಡಿ ಅಂತ ಇಟ್ಟುಕೊಳ್ಳಿ. ಎರಡು ಬೆಂಚು, ಒಂದು ಉದ್ದನೆಯ ಮೇಜು, ರಟ್ಟಿನ ಮೇಲೆ ಬರೆದು ಗೋಡೆಗೆ ಹೊಡೆದ ವೈಫೈ ಪಾಸ್‌ವರ್ಡ್. ಒಂದು ಲೋಟ ಕಪ್ಪು ಕಾಫಿಗೆ 5,000 ರುಪಿಯಾ (ಗಾಬರಿ ಬೀಳಬೇಡಿ, ನಮ್ಮ ಲೆಕ್ಕದಲ್ಲಿ 30 ರೂಪಾಯಿ ಅಷ್ಟೇ). ಆ ಒಂದು ಲೋಟದ ಮೇಲೆ ಮಧ್ಯರಾತ್ರಿವರೆಗೂ ಕೂರಬಹುದು, ಯಾರೂ ಏಳಿ ಅನ್ನುವುದಿಲ್ಲ. ಅಂಗಡಿಯವರನ್ನು ಎಲ್ಲರೂ ಚಾಕ್ ಅಂತ ಕರೆಯುತ್ತಾರೆ. ಇಲ್ಲಿನ ಜಾವಾ ಮಾತಿನಲ್ಲಿ ಹಾಗೆಂದರೆ ಅಣ್ಣ.

ನಾನು ಸಾಗರದ ಕಡೆಯವನು. ಕಾರ್ಖಾನೆ ಕೆಲಸಕ್ಕೆ ಅಂತ ಬಂದು ಎಂಟು ವರ್ಷ ಆಯಿತು. ಬಂದ ಹೊಸದರಲ್ಲಿ ಈ ಅಂಗಡಿಯಲ್ಲಿ ನನಗೆ ವಿಚಿತ್ರ ಅನಿಸಿದ್ದು ಒಂದೇ. ಬೆಂಚಿನ ಮೇಲೆ ಏಳೆಂಟು ಹುಡುಗರು ಇರುತ್ತಾರೆ, ಎಲ್ಲರ ಕೈಯಲ್ಲೂ ಮೊಬೈಲ್ ಇರುತ್ತದೆ, ಆದರೆ ಎಲ್ಲರೂ ಬಗ್ಗಿ ನೋಡುವುದು ಒಬ್ಬನ ಮೊಬೈಲನ್ನು. ಸೌಂಡ್ ಪೂರ್ತಿ ಕೊಟ್ಟಿರುತ್ತಾರೆ. ಒಬ್ಬ ನಗುತ್ತಾನೆ, ಇನ್ನೊಬ್ಬ ಬಯ್ಯುತ್ತಾನೆ, ಮೂರನೆಯವನು ಅದಕ್ಕೆ ಕಾಮೆಂಟ್ ಬರೆಯುತ್ತಾನೆ, ಬರೆದದ್ದನ್ನು ಜೋರಾಗಿ ಓದಿಯೂ ಹೇಳುತ್ತಾನೆ. ನಾನು ಮಾತ್ರ ಮೂಲೆಯಲ್ಲಿ ಎರಡೂ ಕಿವಿಗೆ ಇಯರ್‌ಫೋನ್ ತುರುಕಿಕೊಂಡು ನನ್ನ ಪಾಡಿಗೆ ನೋಡುತ್ತಿದ್ದೆ.

ಇವರಲ್ಲಿ ರಾಮೆ ಅಂತ ಒಂದು ಮಾತಿದೆ. ಬರೆಯುವಾಗ ರಮಾಯ್, ಬಾಯಲ್ಲಿ ರಾಮೆ. ಜನ ಸೇರಿದ್ದಾರೆ, ಗಲಾಟೆ ಇದೆ, ಜೀವ ಇದೆ ಅನ್ನುವುದೆಲ್ಲ ಆ ಒಂದು ಮಾತಿನಲ್ಲಿ ಬರುತ್ತದೆ. ನಮ್ಮಲ್ಲಿ ಮದುವೆ ಮನೆಯ ಗೌಜು ಅನ್ನುತ್ತೇವಲ್ಲ, ಅದಕ್ಕೆ ಹತ್ತಿರ. ಆದರೆ ನಮಗೆ ಗೌಜು ಅಂದರೆ ಅರ್ಧ ಹೊಗಳಿಕೆ, ಅರ್ಧ ತಲೆನೋವು. ಇವರಿಗೆ ಅದು ಪೂರ್ತಿ ಹೊಗಳಿಕೆ. ಹೋಟೆಲ್ ಚೆನ್ನಾಗಿತ್ತಾ ಅಂದರೆ ರಾಮೆ ಇತ್ತು ಅನ್ನುತ್ತಾರೆ. ಜೊತೆಯಲ್ಲಿ ಕೂತು ನೋಡುವುದಕ್ಕೆ ನೋಬಾರ್, ಜೊತೆಯಲ್ಲಿ ಗೇಮ್ ಆಡುವುದಕ್ಕೆ ಮಾಬಾರ್ ಅಂತ ಬೇರೆ ಬೇರೆ ಹೆಸರನ್ನೇ ಇಟ್ಟುಕೊಂಡಿದ್ದಾರೆ. ಒಬ್ಬನೇ ನೋಡುವುದಕ್ಕೆ ಹಾಗೆ ಮುದ್ದಾದ ಹೆಸರು ಇದ್ದಂತಿಲ್ಲ.

ಇಷ್ಟು ವರ್ಷ ಇವರ ವಿಡಿಯೋಗಳನ್ನೂ ನಮ್ಮ ವಿಡಿಯೋಗಳನ್ನೂ ಒಟ್ಟೊಟ್ಟಿಗೆ ನೋಡಿ ನನಗೆ ಅನಿಸಿದ್ದನ್ನು ಹೇಳಿಬಿಡುತ್ತೇನೆ, ಒಪ್ಪದವರು ಬಯ್ಯಬಹುದು. ಹೊಸದೇನಾದರೂ ಕಣ್ಣಿಗೆ ಬಿದ್ದರೆ ಇವರು ಮೊದಲು ಅದರೊಳಗೆ ಸೇರಿಕೊಳ್ಳುತ್ತಾರೆ. ನಾವು ಮೊದಲು ಅದನ್ನು ಅಳೆಯುತ್ತೇವೆ.

2011ರ ಕಥೆ ತಗೊಳ್ಳಿ. ಸುಲವೇಸಿ ದ್ವೀಪದ ಗೊರೊಂತಾಲೊದಲ್ಲಿ ನಾರ್ಮನ್ ಕಾಮಾರು ಅಂತ ಒಬ್ಬ ಪೊಲೀಸ್ ಇದ್ದ. ಡ್ಯೂಟಿಯಲ್ಲಿ ಬೇಜಾರು ಬಂದು ಯೂನಿಫಾರ್ಮ್‌ನಲ್ಲೇ ಕೂತು 'ಛೈಯ್ಯಾ ಛೈಯ್ಯಾ' ಹಾಡಿಗೆ ತುಟಿ ಆಡಿಸುತ್ತಾ ಕುಣಿದ. ಹೌದು, ಶಾರುಖ್ ಖಾನ್ ರೈಲಿನ ಮೇಲೆ ಕುಣಿದ ಅದೇ ಹಾಡು. ಆ ವಿಡಿಯೋ ಯೂಟ್ಯೂಬ್‌ಗೆ ಹೋಗಿ ದೇಶವೇ ಅವನ ಹಿಂದೆ ಬಿತ್ತು. ಇಲಾಖೆಯವರು ಶಿಕ್ಷೆಯ ಮಾತು ಆಡಿದರೆ ಜನ ಬಿಡಲಿಲ್ಲ. ಟಿವಿಯವರು ಕರೆದರು, ಹಾಡಿಸಿದರು, ಜಕಾರ್ತಾಕ್ಕೆ ಎಳೆದುಕೊಂಡು ಹೋದರು. ವರ್ಷ ಮುಗಿಯುವ ಹೊತ್ತಿಗೆ ಪೊಲೀಸ್ ಕೆಲಸವೂ ಹೋಯಿತು. ಆಮೇಲೆ ಜಕಾರ್ತಾದಲ್ಲಿ ಮನಾಡೊ ಗಂಜಿ ಮಾರುವ ಅಂಗಡಿ ಇಟ್ಟ. ಸೇರಿಕೊಂಡ ಜನ ಎದ್ದು ಹೋಗುವುದೂ ಅಷ್ಟೇ ಬೇಗ, ಅದನ್ನೂ ಹೇಳಬೇಕು. ಆದರೆ ಇವತ್ತಿಗೂ ನಾನು ಇಂಡಿಯಾದವನು ಅಂದ ತಕ್ಷಣ ನಲವತ್ತು ದಾಟಿದ ಯಾರಾದರೂ ಸೆಲ್ಯೂಟ್ ಹೊಡೆದು ಆ ಹಾಡಿನ ಎರಡು ಸಾಲು ಹೇಳುತ್ತಾರೆ. ಆಮೇಲೆ 'ಅಚ್ಛಾ ಅಚ್ಛಾ ನೆಹೀ ನೆಹೀ' ಅಂತ ತಲೆ ಅಲ್ಲಾಡಿಸುತ್ತಾರೆ. ನಾನು ಕರ್ನಾಟಕದವನು, ನಮ್ಮ ಭಾಷೆ ಬೇರೆ ಅಂತ ಮೊದಲೆರಡು ವರ್ಷ ವಿವರಿಸಿದೆ. ಈಗ ಸುಮ್ನೆ ನಾನೂ ತಲೆ ಅಲ್ಲಾಡಿಸುತ್ತೇನೆ.

ಇನ್ನೊಂದು, 2016ರ ಡಿಸೆಂಬರ್. ನಡು ಜಾವಾದ ಜೆಪಾರಾ ಕಡೆ ಮಕ್ಕಳು ಹೆದ್ದಾರಿ ಪಕ್ಕ ನಿಂತು ದೂರದೂರಿನ ಬಸ್ಸುಗಳಿಗೆ ರಟ್ಟಿನ ಬೋರ್ಡು ತೋರಿಸುತ್ತಿದ್ದರು. ಅದರ ಮೇಲೆ 'ಓಮ್ ಟೆಲೊಲೆಟ್ ಓಮ್' ಅಂತ ಬರೆದಿರುತ್ತಿತ್ತು. ಓಮ್ ಅಂದರೆ ನಮ್ಮ ಓಂಕಾರ ಅಲ್ಲ, ಡಚ್ಚರಿಂದ ಬಂದ ಮಾತು, ಅಂಕಲ್ ಅಂತ. ಟೆಲೊಲೆಟ್ ಅಂದರೆ ಬಸ್ಸಿನ ರಾಗದ ಹಾರ್ನ್. ಅಂಕಲ್, ಒಂದು ಸಲ ಹಾರ್ನ್ ಹೊಡಿ ಅಂಕಲ್, ಅಷ್ಟೇ. ಡ್ರೈವರ್ ಹೊಡೆದರೆ ಮಕ್ಕಳು ಕುಣಿಯುತ್ತಿದ್ದರು. ಇಂಡೋನೇಷ್ಯಾದವರು ಇದೇ ಮೂರು ಮಾತನ್ನು ಜಗತ್ತಿನ ದೊಡ್ಡ ದೊಡ್ಡ ಡಿಜೆಗಳ ಪುಟಗಳಲ್ಲೆಲ್ಲ ಕಾಮೆಂಟ್ ಹಾಕಿ ಹಾಕಿ ಕೊನೆಗೆ ಝೆಡ್, ಮಾರ್ಷ್‌ಮೆಲೊ ಥರದವರೇ ಇದೇನಪ್ಪಾ ಅಂತ ಅದನ್ನೇ ಟ್ವೀಟ್ ಮಾಡುವ ಹಾಗೆ ಮಾಡಿದರು.

ನಮ್ಮ ಶಿವಮೊಗ್ಗ ರೋಡಿನ ಖಾಸಗಿ ಬಸ್ಸುಗಳಿಗೂ ರಾಗದ ಹಾರ್ನ್ ಇತ್ತು. ಹಾರ್ನ್ ಕೇಳಿಯೇ ಯಾವ ಬಸ್ಸು ಅಂತ ಹೇಳುತ್ತಿದ್ದೆವು. ಶಾಲೆ ಬಿಟ್ಟ ಮೇಲೆ ಡ್ರೈವರಿಗೆ ಟಾಟಾ ಮಾಡುತ್ತಿದ್ದೆವು. ಅದು ಯಾವತ್ತೂ ಊರು ದಾಟಲಿಲ್ಲ. ಅದರಲ್ಲಿ ತೋರಿಸುವಂಥದ್ದು ಏನಿದೆ ಅಂತ ನಮಗೇ ಅನಿಸಿತ್ತು. (ಟೆಲೊಲೆಟ್‌ಗೆ ಆಮೇಲೆ ಕಷ್ಟ ಬಂತು. ಹಾರ್ನ್ ಊದುವ ಗಾಳಿ ಬ್ರೇಕಿನ ಗಾಳಿಯಿಂದಲೇ ಹೋಗುತ್ತದೆ, ಬ್ರೇಕ್ ಹಿಡಿಯದೆ ಹೋಗಬಹುದು ಅಂತ 2024ರಲ್ಲಿ ಸಾರಿಗೆ ಸಚಿವಾಲಯ ಅದನ್ನು ತಡೆಯಲು ಹೊರಟಿತು. ಬಸ್ಸಿನ ಹಿಂದೆ ಓಡಿ ಒಂದು ಮಗು ಪ್ರಾಣವನ್ನೂ ಕಳೆದುಕೊಂಡಿತ್ತು.)

ಈಗ ನನ್ನ ಮುಖ್ಯ ಜಗಳಕ್ಕೆ ಬರುತ್ತೇನೆ.

2025ರ ಜುಲೈಯಲ್ಲಿ ಸುಮಾತ್ರಾದ ರಿಯಾವು ಪ್ರಾಂತ್ಯದ ಹುಡುಗನೊಬ್ಬನನ್ನು ನೀವೂ ನೋಡಿರುತ್ತೀರಿ. ಕ್ವಾಂತಾನ್ ಹೊಳೆಯಲ್ಲಿ ಪಾಚು ಜಾಲುರ್ ಅನ್ನುವ ದೋಣಿ ಓಟ. ಒಂದೇ ಮರವನ್ನು ಕಡೆದು ಮಾಡಿದ ಉದ್ದದ ದೋಣಿ, ಐವತ್ತು ಅರವತ್ತು ಜನ ಹುಟ್ಟು ಹಾಕುತ್ತಾರೆ. ದೋಣಿಯ ಮೂತಿಯ ಮೇಲೆ, ಕಾಲು ಇಡುವಷ್ಟೇ ಜಾಗದಲ್ಲಿ, ಕಪ್ಪು ಬಟ್ಟೆ ಕಪ್ಪು ಕನ್ನಡಕ ಹಾಕಿದ 11 ವರ್ಷದ ಹುಡುಗ ಒಂಚೂರೂ ಅಲ್ಲಾಡದೆ ಕೈ ಬೀಸಿ ಕುಣಿಯುತ್ತಾನೆ. ದೋಣಿ ಮುಂದಿದೆ ಅಂತ ದಡದವರಿಗೆ ತಿಳಿಸುವುದೇ ಅವನ ಕೆಲಸ. ಹಾಗೆ ಮುಂದೆ ನಿಂತು ಕುಣಿಯುವವನಿಗೆ ತೊಗಾಕ್ ಲುವಾನ್ ಅಂತ ಹೆಸರು. ಆ ವಿಡಿಯೋಗೆ ಜಗತ್ತು 'ಆರಾ ಫಾರ್ಮಿಂಗ್' ಅಂತ ಹೆಸರಿಟ್ಟಿತು, ಏನೂ ಕಷ್ಟಪಡದವರ ಹಾಗೆ ನಿಂತು ಗತ್ತು ತೋರಿಸುವುದು ಅಂತ. ಪ್ಯಾರಿಸ್ಸಿನ ಫುಟ್‌ಬಾಲ್ ಕ್ಲಬ್ಬಿನವರೂ ಅದನ್ನು ಅನುಕರಿಸಿ ವಿಡಿಯೋ ಹಾಕಿದರು. ಇಲ್ಲಿ? ಚಾಕ್ ಟ್ರೇ ಹಿಡಿದುಕೊಂಡೇ ಕುಣಿದರು. ನಮ್ಮ ಕಾರ್ಖಾನೆಯ ಫೋರ್ಕ್‌ಲಿಫ್ಟ್ ಓಡಿಸುವವನು ಗಾಡಿಯ ಮುಂದೆ ನಿಂತು ಕುಣಿದು ಸೇಫ್ಟಿಯವರಿಂದ ಬೈಸಿಕೊಂಡ. ರಿಯಾವು ಗವರ್ನರ್ ಹುಡುಗನಿಗೆ ವಿದ್ಯಾರ್ಥಿವೇತನ ಕೊಟ್ಟು ಪ್ರವಾಸೋದ್ಯಮದ ರಾಯಭಾರಿ ಮಾಡಿದರು. ಅಷ್ಟು ದಿನವೂ ಆ ಹುಡುಗ ಎಷ್ಟು ಮೀಟರ್, ಎಷ್ಟು ಸೆಕೆಂಡ್ ಅಂತ ಯಾರೂ ಕೇಳಲಿಲ್ಲ.

ನಮ್ಮದು 2020ರ ಫೆಬ್ರವರಿ. ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳ ಜೊತೆ 142.5 ಮೀಟರಿನ ಕರೆಯನ್ನು, ಅಂದರೆ ಕಂಬಳದ ಕೆಸರು ಓಟದ ದಾರಿಯನ್ನು, 13.62 ಸೆಕೆಂಡಿನಲ್ಲಿ ಓಡಿದರು. ಯಾರೋ ಪುಣ್ಯಾತ್ಮರು ಕ್ಯಾಲ್ಕುಲೇಟರ್ ಹಿಡಿದು ಕೂತು, ನೂರು ಮೀಟರಿಗೆ 9.55 ಆಯಿತು, ಉಸೇನ್ ಬೋಲ್ಟ್ 9.58, ಅಂದರೆ ನಮ್ಮವರು ಬೋಲ್ಟ್‌ಗಿಂತ ಮುಂದೆ ಅಂತ ಲೆಕ್ಕ ತೆಗೆದರು. ಅಲ್ಲಿಗೆ ಕಂಬಳ ಮುಗಿಯಿತು, ಬೋಲ್ಟ್ ಶುರುವಾಯಿತು. ಆಗಿನ ಕೇಂದ್ರ ಕ್ರೀಡಾ ಸಚಿವರು ಟ್ರಯಲ್‌ಗೆ ಕರೆಸುತ್ತೇವೆ ಅಂದರು. ಅರ್ಧ ಜನ ಒಲಿಂಪಿಕ್ಸ್ ಅಂದರು, ಇನ್ನರ್ಧ ಜನ ಸ್ಟಾಪ್‌ವಾಚ್ ಸರಿ ಇತ್ತಾ, ಕೋಣ ಎಳೆದುಕೊಂಡು ಹೋಗುವುದನ್ನು ಓಟ ಅನ್ನಬಹುದಾ ಅಂತ ಜಗಳ ತೆಗೆದರು. ಸರಿಯಾಗಿ ಮಾತಾಡಿದವರು ಗೌಡರೊಬ್ಬರೇ. ಕೆಸರಲ್ಲಿ ಓಡುವುದೇ ಬೇರೆ, ಟ್ರ್ಯಾಕ್‌ನಲ್ಲಿ ಓಡುವುದೇ ಬೇರೆ ಅಂತ ದೂರ ನಿಂತರು. ಆ ದಿನಗಳಲ್ಲಿ ನಾನೂ ಇಲ್ಲಿ ಎಲ್ಲರಿಗೂ ಆ ವಿಡಿಯೋ ತೋರಿಸಿದ್ದೆ. ಬೋಲ್ಟ್‌ಗಿಂತ ಜೋರು ಅಂತ ನಾನು ಹೇಳುತ್ತಿದ್ದರೆ ಇವರು ಕೇಳಿದ ಪ್ರಶ್ನೆ ಏನು ಗೊತ್ತಾ? ಆ ಕೋಣಗಳಿಗೆ ಹೆಸರು ಇದೆಯಾ? ನೋಡುವವರು ಏನಂತ ಕೂಗುತ್ತಾರೆ? ನನ್ನ ಹತ್ತಿರ 9.55 ಇತ್ತು, ಕೋಣದ ಹೆಸರು ಇರಲಿಲ್ಲ.

ನಮಗೆ ಯಾಕೆ ಹೀಗೆ? ಹೊರಗಿನವರ ತಕ್ಕಡಿಯಲ್ಲಿ ತೂಗಿ ನೋಡದ ಹೊರತು ನಮ್ಮ ವಸ್ತುವಿನ ಮೇಲೆ ನಮಗೆ ಧೈರ್ಯ ಬರುವುದಿಲ್ಲ ಅಂತ ನನ್ನ ಗುಮಾನಿ. ಉತ್ತರ ಕರ್ನಾಟಕದ ಹುಡುಗರು ಮಾಡುವ ಜನಪದ ಹಾಡುಗಳು ಯೂಟ್ಯೂಬ್‌ನಲ್ಲಿ ಕೋಟಿಗಟ್ಟಲೆ ಸಲ ಓಡುತ್ತವೆ. ಟ್ರ್ಯಾಕ್ಟರ್‌ನಲ್ಲಿ, ಜಾತ್ರೆಯಲ್ಲಿ, ಮದುವೆಯಲ್ಲಿ ಎಲ್ಲ ಕಡೆ ಅದೇ. ಬೆಂಗಳೂರಿನ ನನ್ನ ಗೆಳೆಯರಿಗೆ ಕೇಳಿದರೆ ಮುಖ ಸಿಂಡರಿಸುತ್ತಾರೆ. ಅದು 'ಆ ಥರದ್ದು' ಅಂತೆ. ಕ್ರಿಕೆಟಿಗನೋ ಹಿಂದಿ ನಟನೋ ಅದಕ್ಕೆ ರೀಲ್ಸ್ ಮಾಡಿದರೆ ಆಗ ನಮ್ಮ ಹೆಮ್ಮೆ.

ಜಾವಾದಲ್ಲಿ ನಡೆದದ್ದು ನೋಡಿ. ದಿದಿ ಕೆಂಪೊತ್ ಅಂತ ಒಬ್ಬ ಗಾಯಕ. ಬಸ್‌ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು, ಬಿಟ್ಟು ಹೋದ ಹುಡುಗಿ, ಇಂಥದ್ದನ್ನೇ ಜಾವಾ ಭಾಷೆಯಲ್ಲಿ ಮೂವತ್ತು ವರ್ಷ ಹಾಡಿದವರು. ಅಪ್ಪಂದಿರ ಕಾಲದ ಹಾಡು ಅಂತ ಎಲ್ಲರೂ ಮರೆತಿದ್ದರು. 2019ರಲ್ಲಿ ಯೂಟ್ಯೂಬ್‌ನ ಒಂದು ಮಾತುಕತೆ ಮತ್ತು ಹುಡುಗರು ನಿಂತುಕೊಂಡು ಅಳುತ್ತಾ ಹಾಡುವ ವಿಡಿಯೋಗಳು ಹರಿದಾಡಿ ಇದ್ದಕ್ಕಿದ್ದ ಹಾಗೆ ಕಾಲೇಜು ಮಕ್ಕಳೆಲ್ಲ ಅವರ ಹಿಂದೆ ಬಂದರು. ತಮ್ಮನ್ನು ಸೊಬಾತ್ ಅಂಬ್ಯಾರ್ ಅಂತ ಕರೆದುಕೊಂಡರು, ಚೂರುಚೂರಾದವರ ಗೆಳೆಯರ ಬಳಗ ಅಂತ. ಅವರಿಗೆ 'ಒಡೆದ ಹೃದಯಗಳ ಗಾಡ್‌ಫಾದರ್' ಅಂತ ಬಿರುದು ಕೊಟ್ಟರು. ಕೊರೊನಾ ಕಾಲದಲ್ಲಿ ಮನೆಯಲ್ಲೇ ಕೂತು ಟಿವಿಯಲ್ಲಿ ಹಾಡಿ ಕೋಟ್ಯಂತರ ರುಪಿಯಾ ದೇಣಿಗೆ ಎತ್ತಿಕೊಟ್ಟರು, ಒಂದು ತಿಂಗಳೂ ಕಳೆಯುವ ಮುಂಚೆ, 2020ರ ಮೇ 5ರಂದು, ತೀರಿಕೊಂಡರು. ಆ ದಿನ ಚಾಕ್ ಅಂಗಡಿಯಲ್ಲಿ ಬೆಳಗ್ಗೆಯಿಂದ ರಾತ್ರಿವರೆಗೆ ಅವರ ಹಾಡೇ. ಹದಿನೆಂಟು ವರ್ಷದ ಹುಡುಗನೂ ಅತ್ತ, ಅರವತ್ತರ ಮುದುಕನೂ ಅತ್ತ.

ಜಾವಾ ಭಾಷೆಗೆ ಕನ್ನಡಕ್ಕಿಂತ ಎಷ್ಟೋ ಜಾಸ್ತಿ ಜನ ಇದ್ದಾರೆ. ಆದರೆ ನಮಗಿರುವ ಹಾಗೆ ಅದಕ್ಕೆ ದಿನಬಳಕೆಯ ಲಿಪಿ ಉಳಿದಿಲ್ಲ. ಹಳೆಯ ಲಿಪಿ ಒಂದು ಇದೆ, ನಮ್ಮ ಲಿಪಿಯ ದಾಯಾದಿಯೇ, ಯೋಗ್ಯಕರ್ತಾದ ಬೀದಿ ಬೋರ್ಡುಗಳಲ್ಲಿ ಕಾಣುತ್ತದೆ. ಬರೆಯುವುದೆಲ್ಲ ಇಂಗ್ಲಿಷ್ ಅಕ್ಷರದಲ್ಲಿ. ಶಾಲೆ, ಕಚೇರಿ, ಸುದ್ದಿ ಎಲ್ಲ ಇಂಡೋನೇಷ್ಯಾ ಭಾಷೆಯಲ್ಲಿ. ಆದರೂ 2022ರ ಆಗಸ್ಟ್ 17ರಂದು, ಸ್ವಾತಂತ್ರ್ಯ ದಿನದಂದು, ಅಧ್ಯಕ್ಷರ ಅರಮನೆಯಲ್ಲಿ ಬಾನ್ಯುವಾಂಗಿಯ 12 ವರ್ಷದ ಹುಡುಗನೊಬ್ಬ ಜಾವಾ ಭಾಷೆಯಲ್ಲಿ 'ಓಜೊ ಡಿಬಾಂಡಿಂಗ್ಕೆ' ಅಂತ ಹಾಡಿದ. ಹೋಲಿಸಬೇಡ ಅಂತ ಅದರ ಅರ್ಥ. ಯೂಟ್ಯೂಬ್‌ನಿಂದ ಗೊತ್ತಾದ ಹುಡುಗ. ಮಂತ್ರಿಗಳು ಕುರ್ಚಿಯಿಂದ ಎದ್ದು ಬಂದು ಕುಣಿದರು, ಪೊಲೀಸ್ ಅಧಿಕಾರಿಗಳೂ ಕುಣಿದರು. ರಾಜ್ಯೋತ್ಸವದ ವೇದಿಕೆಯಲ್ಲಿ ನಮ್ಮ ಮಂತ್ರಿಗಳು ಜಾನಪದ ಹಾಡಿಗೆ ಕುಣಿದರೆ ಮರುದಿನ ಏನೇನು ಬರೆಯುತ್ತೇವೆ, ಯೋಚಿಸಿ. ಆ ಹಾಡಿನ ಮಾತು ಕೇಳಿದ್ದರೆ ನಾನು ಈ ಲೇಖನವನ್ನೇ ಬರೆಯಬಾರದಿತ್ತು, ಬಿಡಿ.

ಭಾಷೆಯ ವಿಷಯಕ್ಕೆ ಇನ್ನೊಂದು ಇದೆ, ಇದು ನನಗೆ ಸ್ವಲ್ಪ ಉರಿಯುವ ವಿಷಯ. ಹಿಂದಿಯಲ್ಲಿ 2013ರಲ್ಲಿ ಬಂದ ಮಹಾಭಾರತ ಧಾರಾವಾಹಿಯನ್ನು ಇಲ್ಲಿನ ಎಎನ್‌ಟಿವಿಯವರು 2014ರಲ್ಲೇ ಇಂಡೋನೇಷ್ಯಾ ಭಾಷೆಗೆ ಡಬ್ ಮಾಡಿ ತೋರಿಸಿದರು. ದೇಶಕ್ಕೆ ದೇಶವೇ ಹುಚ್ಚಾಯಿತು. ಅರ್ಜುನನ ಪಾತ್ರದ ಶಹೀರ್ ಶೇಖ್ ಇಲ್ಲಿಗೆ ಬಂದು ಇಲ್ಲಿನ ಟಿವಿಯಲ್ಲೇ ಕೆಲಸ ಮಾಡುವ ಹಾಗಾಯಿತು. ಅದೇ ಧಾರಾವಾಹಿ ಕನ್ನಡದ ಮಾತಿನಲ್ಲಿ ನಮ್ಮ ಟಿವಿಗೆ ಬಂದದ್ದು 2020ರ ಲಾಕ್‌ಡೌನ್‌ನಲ್ಲಿ! ಪಂಪನ, ಕುಮಾರವ್ಯಾಸನ ನಾಡಿಗಿಂತ ಆರು ವರ್ಷ ಮೊದಲು ಜಾವಾದ ಅಜ್ಜಿಯರು ಭೀಷ್ಮನ ಮಾತನ್ನು ತಮ್ಮ ಮಾತಿನಲ್ಲಿ ಕೇಳಿದ್ದರು. ಡಬ್ಬಿಂಗ್ ಬಂದರೆ ಕನ್ನಡ ಮುಳುಗುತ್ತದೆ ಅಂತ ನಾವು ದಶಕಗಟ್ಟಲೆ ಅಳೆಯುತ್ತಾ ಕೂತೆವು. ಕಲಾವಿದರ ಹೊಟ್ಟೆಪಾಡಿನ ಭಯ ನನಗೂ ಅರ್ಥವಾಗುತ್ತದೆ, ಅದನ್ನು ತಳ್ಳಿಹಾಕುತ್ತಿಲ್ಲ. ಆದರೆ ನಮ್ಮಮ್ಮ ಅಷ್ಟು ವರ್ಷ ಅರ್ಥವಾಗದ ಹಿಂದಿಯಲ್ಲೇ ನೋಡಿದ್ದು ಯಾರ ಉದ್ಧಾರಕ್ಕೆ?

ಮಹಾಭಾರತ ಇವರ ಮಕ್ಕಳ ಮೊಬೈಲಿನೊಳಗೂ ಇದೆ. ವಾರ್ಕೊಪ್ ಹುಡುಗರು ಮಾಬಾರ್ ಆಡುವುದು ಮೊಬೈಲ್ ಲೆಜೆಂಡ್ಸ್ ಅನ್ನುವ ಗೇಮ್. ಒಂದು ದಿನ ಬಗ್ಗಿ ನೋಡಿದರೆ ಅದರಲ್ಲಿ ಗಾತೊತ್ಕಾಚಾ ಅಂತ ಒಬ್ಬ ವೀರ. ನಮ್ಮ ಘಟೋತ್ಕಚ! ನಮಗೆ ಅವನು ಗಹಗಹಿಸುವ ರಾಕ್ಷಸ, ಇವರಿಗೆ ಆಕಾಶದಲ್ಲಿ ಹಾರುವ, ತಂತಿಯ ನರ ಕಬ್ಬಿಣದ ಮೂಳೆಯ ಹೀರೋ. ಹುಡುಗರು ನನ್ನನ್ನೂ ಆಡಲು ಕರೆದರು. ಊರಿಗೆ ಹೋದಾಗ ನನ್ನ ಅಣ್ಣನ ಮಗನಿಗೆ ತೋರಿಸೋಣ ಅಂದರೆ ಆ ಗೇಮ್ ನಮ್ಮಲ್ಲಿ ಇಲ್ಲ. 2020ರ ಜೂನ್ 29ರಂದು ಸರ್ಕಾರ ತೆಗೆದುಹಾಕಿದ 59 ಚೀನಾ ಆ್ಯಪ್‌ಗಳ ಪಟ್ಟಿಯಲ್ಲಿ ಅದೂ ಒಂದು.

ಅದೇ ಪಟ್ಟಿಯಲ್ಲಿ ಟಿಕ್‌ಟಾಕ್ ಕೂಡ ಇತ್ತು. ಗಡಿಯಲ್ಲಿ ನಮ್ಮ ಸೈನಿಕರು ಪ್ರಾಣ ಕೊಟ್ಟ ಹೊತ್ತು, ಆ ನಿರ್ಧಾರದ ಬಗ್ಗೆ ನಾನೇನೂ ಹೇಳುವುದಿಲ್ಲ. ಆದರೆ ಟಿಕ್‌ಟಾಕ್ ಹೋದ ದಿನ ನಮ್ಮಲ್ಲಿ ಬಹಳ ಜನ 'ಪೀಡೆ ತೊಲಗಿತು' ಅಂದದ್ದು ಚೀನಾದ ಮೇಲಿನ ಸಿಟ್ಟಿಗಲ್ಲ. ಹೊಲದಲ್ಲಿ, ಅಡುಗೆಮನೆಯಲ್ಲಿ, ಗಾರೆ ಕೆಲಸದ ನಡುವೆ ವಿಡಿಯೋ ಮಾಡುತ್ತಿದ್ದ ಜನರನ್ನು ಕಂಡರೆ ನಮಗೆ ಆಗುತ್ತಿರಲಿಲ್ಲ, ಅಷ್ಟೇ. ಅವರಲ್ಲಿ ಕೆಲವರು ರೀಲ್ಸ್‌ಗೆ ಬಂದರು, ಎಷ್ಟೋ ಜನ ಎಲ್ಲಿ ಹೋದರೋ.

ಇಂಡೋನೇಷ್ಯಾದಲ್ಲೂ ಟಿಕ್‌ಟಾಕನ್ನು 2018ರ ಜುಲೈಯಲ್ಲಿ ಕೊಳಕು ವಿಡಿಯೋ ಅಂತ ಮುಚ್ಚಿದ್ದರು. ವಾರದಲ್ಲೇ ತೆರೆದರು. ಆಮೇಲೆ ಅದು ಸಂತೆಯೇ ಆಯಿತು. ಚಾಕ್ ಅವರ ಹೆಂಡತಿ ರಾತ್ರಿ ಊಟ ಮುಗಿಸಿ ಲೈವ್ ನೋಡುತ್ತಾರೆ. ಅದರಲ್ಲಿ ಮಾರುವ ಹುಡುಗಿ ಉಸಿರು ತಗೊಳ್ಳದೆ 'ಕಾಕ್, ಹಳದಿ ಬುಟ್ಟಿ ಒತ್ತಿ ಕಾಕ್' ಅಂತ ಹೇಳುತ್ತಲೇ ಇರುತ್ತಾಳೆ. ಕಾಕ್ ಅಂದರೆ ಅಣ್ಣನೂ ಹೌದು, ಅಕ್ಕನೂ ಹೌದು, ಮಾರುವವರಿಗೆ ಎಷ್ಟು ಅನುಕೂಲ ನೋಡಿ. ಬೇಡದ್ದನ್ನೂ ಕೊಳ್ಳುವ ಹಾಗೆ ಮಾಡುವ ಇಂಥ ವಿಡಿಯೋಗೆ ಇವರೇ ಇಟ್ಟ ಹೆಸರು ರಾಚುನ್, ಅಂದರೆ ವಿಷ. ವಿಷ ಅಂತ ಗೊತ್ತಿದ್ದೇ ಕುಡಿಯುತ್ತಾರೆ. ಜಕಾರ್ತಾದ ತಾನಾ ಅಬಾಂಗ್ ಬಟ್ಟೆ ಮಾರುಕಟ್ಟೆಯ ವ್ಯಾಪಾರಿಗಳು ಗಿರಾಕಿಗಳೇ ಇಲ್ಲ ಅಂತ ಗೋಳಾಡಿದ ಮೇಲೆ ಸರ್ಕಾರ ಹೊಸ ನಿಯಮ ತಂದು 2023ರ ಅಕ್ಟೋಬರ್ 4ರಂದು ಟಿಕ್‌ಟಾಕ್ ಒಳಗಿನ ಅಂಗಡಿಯನ್ನು ಮಾತ್ರ ಮುಚ್ಚಿಸಿತು. ಆ್ಯಪ್ ಹಾಗೇ ಇತ್ತು. ಎರಡು ತಿಂಗಳಲ್ಲಿ ಟಿಕ್‌ಟಾಕ್‌ನವರು 84 ಕೋಟಿ ಡಾಲರ್ ಕೊಟ್ಟು ಇಲ್ಲಿನದೇ ಆದ ಟೊಕೊಪೀಡಿಯಾದ ಮುಕ್ಕಾಲು ಪಾಲನ್ನು ಹಿಡಿದು, ಡಿಸೆಂಬರ್ 12ಕ್ಕೆ ವಾಪಸ್ ಬಂದರು. ಸರ್ಕಾರ ಬಾಗಿಲು ಹಾಕಿತು, ಅವರು ಮನೆಯನ್ನೇ ಕೊಂಡುಕೊಂಡರು.

ಇಷ್ಟೆಲ್ಲ ಹೊಗಳಿದೆನಲ್ಲ, ಈ ಸೇರಿಕೊಳ್ಳುವ ಬುದ್ಧಿ ಎಷ್ಟು ಕೆಟ್ಟದ್ದಾಗಬಹುದು ಅನ್ನುವುದನ್ನೂ ಇಲ್ಲೇ ನೋಡಿದ್ದೇನೆ. 2023ರ ಜನವರಿಯಲ್ಲಿ ಲೊಂಬೊಕ್ ದ್ವೀಪದ ಕಡೆಯ ಲೈವ್‌ಗಳು ಬಂದವು. ಮುದುಕಿಯೊಬ್ಬಳು ಕೆಸರು ನೀರಿನಲ್ಲಿ ಕೂತು ತಲೆಗೆ ನೀರು ಸುರಿದುಕೊಳ್ಳುತ್ತಲೇ ಇರುತ್ತಾಳೆ, ನೋಡುವವರು ಗುಲಾಬಿ, ಕಿರೀಟ ಅಂತ ಗಿಫ್ಟ್ ಕಳಿಸುತ್ತಾರೆ, ಅದು ದುಡ್ಡಾಗುತ್ತದೆ. ಗಂಟೆಗಟ್ಟಲೆ. ನಡುಗುವುದು ಕಾಣುತ್ತಿತ್ತು. ನಮ್ಮ ಬೆಂಚಿನ ಹುಡುಗರೂ ನೋಡಿದರು, ಮೊದಲು ನಕ್ಕರು, ಆಮೇಲೆ ಒಬ್ಬ 'ನಮ್ಮಜ್ಜಿ ಹಾಗೇ ಇದ್ದಾರೆ' ಅಂದ ಮೇಲೆ ಯಾರೂ ನಗಲಿಲ್ಲ, ಆದರೂ ಮುಚ್ಚಲಿಲ್ಲ. ಸಮಾಜ ಕಲ್ಯಾಣ ಮಂತ್ರಿಯಾಗಿದ್ದ ರಿಸ್ಮಾ, ಅಂದರೆ ನಮ್ಮದೇ ಸುರಬಾಯಾದ ಹಿಂದಿನ ಮೇಯರ್, ವಯಸ್ಸಾದವರನ್ನು ಹೀಗೆ ಭಿಕ್ಷೆಗೆ ಕೂರಿಸುವುದನ್ನು ತಡೆಯಿರಿ ಅಂತ ಸುತ್ತೋಲೆ ಹೊರಡಿಸಿದರು.

ಸೌಂಡ್ ಹೋರೆಗ್ ಅಂತ ಇನ್ನೊಂದು ಪೀಡೆ. ಹೋರೆಗ್ ಅಂದರೆ ಅದುರುವುದು. ಲಾರಿ ತುಂಬ, ಮನೆಯಷ್ಟು ಎತ್ತರಕ್ಕೆ ಸ್ಪೀಕರ್ ಪೇರಿಸಿ ಊರೂರು ಮೆರವಣಿಗೆ. ಮಲಾಂಗ್ ಕಡೆ ಶುರುವಾಗಿ ಪೂರ್ವ ಜಾವಾ ಪೂರ್ತಿ ಹರಡಿದೆ. ಹಂಚು ಉದುರಿದ, ಲಾರಿ ದಾಟಲಿ ಅಂತ ಸೇತುವೆಯ ಕಟಕಟೆ ಒಡೆದ ವಿಡಿಯೋಗಳನ್ನು ಇವರೇ ಹೆಮ್ಮೆಯಿಂದ ಹಾಕುತ್ತಾರೆ. 2025ರ ಜುಲೈಯಲ್ಲಿ ಪೂರ್ವ ಜಾವಾದ ಉಲೇಮಾ ಮಂಡಳಿ ಫತ್ವಾ ಹೊರಡಿಸುವವರೆಗೂ ಹೋಯಿತು. ಗಣಪತಿ ಬಿಡುವಾಗ ಡಿಜೆ ಬೇಕೋ ಬೇಡವೋ ಅಂತ ನಮ್ಮೂರಲ್ಲಿ ಪ್ರತಿ ವರ್ಷ ಪೊಲೀಸರ ಜೊತೆ ನಡೆಯುವ ಜಗಳ ನೆನಪಾಯಿತು. ಇದೊಂದರಲ್ಲಿ ನಾವೂ ಅವರೂ ಸರಿಸಮ.

ಇಲ್ಲಿನ ಮಂದಿ ಬೈಗುಳದಲ್ಲೂ ಸೇರಿಕೊಳ್ಳುತ್ತಾರೆ. 2021ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್‌ನವರು ಆನ್‌ಲೈನ್ ಸಭ್ಯತೆಯ ಪಟ್ಟಿ ಬಿಟ್ಟರು. 32 ದೇಶಗಳಲ್ಲಿ ಇಂಡೋನೇಷ್ಯಾ 29ನೇದು, ಆಗ್ನೇಯ ಏಷ್ಯಾದಲ್ಲಿ ಕಟ್ಟಕಡೆ. ಇವರೇನು ಮಾಡಿದರು? ಗುಂಪಾಗಿ ಮೈಕ್ರೋಸಾಫ್ಟ್ ಪುಟಕ್ಕೆ ನುಗ್ಗಿ, ನಾವು ಅಸಭ್ಯರಾ ಅಂತ ಬಾಯಿಗೆ ಬಂದಂತೆ ಬೈದು, ಕೊನೆಗೆ ಅವರು ಕಾಮೆಂಟ್ ಬಾಗಿಲನ್ನೇ ಮುಚ್ಚುವ ಹಾಗೆ ಮಾಡಿದರು. ಆಮೇಲೆ, 'ನೋಡಿದ್ರಾ, ಪಟ್ಟಿ ಸರಿಯಾಗೇ ಇದೆ' ಅಂತ ತಾವೇ ನಕ್ಕರು. ತಮ್ಮನ್ನು ತಾವು ಇವರು +62ರ ಪ್ರಜೆಗಳು ಅಂದುಕೊಳ್ಳುತ್ತಾರೆ, ಫೋನಿನ ದೇಶದ ಕೋಡ್ ಅದು, ಅರ್ಧ ಹೆಮ್ಮೆ ಅರ್ಧ ನಾಚಿಕೆ. ಅದೇ ವರ್ಷ ಜೂನ್‌ನಲ್ಲಿ ಗೂಗಲ್ ಹುಡುಕಾಟದಲ್ಲಿ ಕನ್ನಡಕ್ಕೆ ಆದ ಅವಮಾನ ನೆನಪಿದೆಯಲ್ಲ. ಆಗ ನಾವೂ ಒಂದಾಗಿ ನುಗ್ಗಿದೆವು, ಗೂಗಲ್ ಕ್ಷಮೆ ಕೇಳಿತು. ನಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಸಿಟ್ಟು ಬಂದಾಗ ಸೇರುವಷ್ಟು ಸಲೀಸಾಗಿ ನಾವು ಖುಷಿಗೆ ಸೇರುವುದಿಲ್ಲ ಅನ್ನುವುದು ನನಗೆ ಆಗಲೇ ಹೊಳೆದದ್ದು.

ದೊಡ್ಡ ಸ್ಟಾರ್‌ಗಳ ಬಗ್ಗೆ ಜಾಸ್ತಿ ಹೇಳುವುದಕ್ಕೆ ನನಗೆ ಮನಸ್ಸಿಲ್ಲ. ಅತ್ತಾ ಹಲಿಲಿಂತಾರ್ ಅನ್ನುವ ಯೂಟ್ಯೂಬರ್ ಮದುವೆಗೆ 2021ರಲ್ಲಿ ದೇಶದ ಅಧ್ಯಕ್ಷರೂ ರಕ್ಷಣಾ ಮಂತ್ರಿಯೂ ಸಾಕ್ಷಿಯಾಗಿ ಬಂದು ಕೂತರು, ಟಿವಿಯಲ್ಲಿ ನೇರಪ್ರಸಾರ. ಆ ರಕ್ಷಣಾ ಮಂತ್ರಿ ಪ್ರಬೋವೊ 2024ರ ಚುನಾವಣೆಯಲ್ಲಿ ಗೆಮೋಯ್, ಅಂದರೆ ಮುದ್ದು ಮುದ್ದಾದವರು, ಅನ್ನಿಸಿಕೊಂಡು ವೇದಿಕೆಯಲ್ಲಿ ಕುಣಿದರು. ಟಿಕ್‌ಟಾಕ್ ಹುಡುಗರೂ ಕುಣಿದರು. ಈಗ ಅವರೇ ಅಧ್ಯಕ್ಷರು. ಮಾಜಿ ಜನರಲ್ ಒಬ್ಬರ ಬಗ್ಗೆ ಕೇಳಬೇಕಾದ ಮಾನವ ಹಕ್ಕುಗಳ ಹಳೆಯ ಪ್ರಶ್ನೆಗಳು ಆ ಕುಣಿತದಲ್ಲಿ ಎಲ್ಲಿ ಹೋದವು ಅಂತ ಕೇಳಿದರೆ ಹುಡುಗರಿಗೆ ಉತ್ತರ ಇಲ್ಲ. ಸ್ವಲ್ಪ ಅಳೆಯಬೇಕಿತ್ತು ಅಂತ ನನಗೆ ಅನಿಸಿದ ಸಂದರ್ಭ ಅದು.

ನಮ್ಮಲ್ಲಿ ಸೇರುವುದೇ ಇಲ್ಲ ಅಂತಲೂ ಅಲ್ಲ. ಯೂಟ್ಯೂಬಿನ ಡಾಕ್ಟರ್ ಬ್ರೋ 'ನಮಸ್ಕಾರ ದೇವ್ರು' ಅಂದರೆ ಇಲ್ಲಿ ಕೂತ ನನಗೂ ಯಾರೋ ಮನೆಗೆ ಬಂದ ಹಾಗೆ ಆಗುತ್ತದೆ. ಗೊತ್ತಿಲ್ಲದ ದೇಶದಲ್ಲಿ ಗೊತ್ತಿಲ್ಲದವರ ಹೆಗಲ ಮೇಲೆ ಕೈ ಹಾಕಿ ಕನ್ನಡದಲ್ಲೇ ಮಾತಾಡುವ ಆ ಹುಡುಗನಲ್ಲಿ ಇವರ ರಾಮೆ ಇದೆ.

ಆದರೆ ನನ್ನ ಮನಸ್ಸಿಗೆ ಹತ್ತಿರವಾದದ್ದು ವಾಯಾಂಗ್, ಜಾವಾದ ತೊಗಲುಗೊಂಬೆ ಆಟ. ಯೋಗ್ಯಕರ್ತಾದ ಕಿ ಸೆನೊ ನುಗ್ರೊಹೊ ಅನ್ನುವ ತೊಗಲುಗೊಂಬೆ ಕಲಾವಿದರು, ಇಲ್ಲಿನ ಮಾತಿನಲ್ಲಿ ದಾಲಾಂಗ್, ರಾತ್ರಿ ಒಂಬತ್ತರಿಂದ ಬೆಳಗಿನ ಜಾವದವರೆಗಿನ ಆಟವನ್ನು ಯೂಟ್ಯೂಬ್‌ನಲ್ಲಿ ನೇರ ತೋರಿಸುತ್ತಿದ್ದರು. ಪಾಂಡವರ ಕಥೆಯೇ, ಆದರೆ ನಡುರಾತ್ರಿ ಸೆಮಾರ್, ಗಾರೆಂಗ್, ಪೆತ್ರುಕ್, ಬಾಗೊಂಗ್ ಅನ್ನುವ ನಾಲ್ಕು ಜನ ಸೇವಕರು ಬಂದು ಅವತ್ತಿನ ರಾಜಕೀಯ, ಅಕ್ಕಿಯ ರೇಟು, ಎದುರಿಗೆ ಕೂತ ಹಾಡುಗಾರ್ತಿ ಎಲ್ಲದರ ಕಾಲೆಳೆಯುತ್ತಾರೆ. ನಮ್ಮ ಯಕ್ಷಗಾನದ ಹಾಸ್ಯಗಾರ ನಾಲ್ಕು ಪಾಲಾದ ಹಾಗೆ. ಕಿ ಸೆನೊ ಅವರ ಬಾಗೊಂಗ್ ಅಂದರೆ ಜನ ಪ್ರಾಣ ಬಿಡುತ್ತಿದ್ದರು. ಕೊರೊನಾದಲ್ಲಿ ಆಟ ನಿಂತಾಗ ಮನೆಯಲ್ಲೇ ಸಣ್ಣ ಮೇಳ ಕಟ್ಟಿ, ವಾಯಾಂಗ್ ಕ್ಲಿಮೆನ್ ಅಂತ ಹೆಸರಿಟ್ಟು ಲೈವ್ ಮಾಡಿದರು, ಆ ದುಡ್ಡಿನಲ್ಲಿ ತಮ್ಮ ಜೊತೆಯವರ ಹೊಟ್ಟೆ ತುಂಬಿತು. ಹೊರದೇಶದಲ್ಲಿ ದುಡಿಯುವ ಜಾವಾದ ಹೆಂಗಸರು ಕಾಮೆಂಟಿನಲ್ಲಿ 'ನಾನು ಹಾಂಗ್‌ಕಾಂಗ್‌ನಿಂದ', 'ನಾನು ತೈವಾನ್‌ನಿಂದ' ಅಂತ ಬರೆಯುವುದು, ಅವರು ಅದಕ್ಕೂ ಬಾಗೊಂಗ್ ಬಾಯಲ್ಲಿ ಉತ್ತರ ಕೊಡುವುದು. 2020ರ ನವೆಂಬರ್ 3ರಂದು 48ನೇ ವಯಸ್ಸಿಗೇ ಹೋಗಿಬಿಟ್ಟರು. ಚಾಕ್ ಈಗಲೂ ಅಂಗಡಿ ಮುಚ್ಚುವ ಹೊತ್ತಿಗೆ ಅವರ ಹಳೆಯ ಆಟ ಹಾಕುತ್ತಾರೆ.

ನಮ್ಮ ಯಕ್ಷಗಾನವೂ ಲೈವ್ ಬರುತ್ತದೆ, ಹೊರನಾಡಿನ ನಮ್ಮಂಥವರಿಗೆ ಅದು ದೊಡ್ಡ ಉಪಕಾರ. ಅದರ ಕೆಳಗಿನ ಕಾಮೆಂಟುಗಳನ್ನು ಮಾತ್ರ ಓದಬಾರದು. ಭಾಗವತರ ಶ್ರುತಿ, ಆ ಕಾಲದ ವೇಷ ಈ ಕಾಲದ ವೇಷ, ಬಡಗುತಿಟ್ಟಿಗೆ ತೆಂಕುತಿಟ್ಟು ಸೇರಿಸಿದರು, ಹೀಗೆ. ಎಲ್ಲರೂ ತೀರ್ಪುಗಾರರು.

ಹೋದ ತಿಂಗಳು ಆದದ್ದು. ನಾನು ಎಂದಿನ ಹಾಗೆ ಮೂಲೆಯಲ್ಲಿ ಕೂತು ಅಭಿಮನ್ಯು ಕಾಳಗ ನೋಡುತ್ತಿದ್ದೆ. ಪಕ್ಕದ ಹುಡುಗ, ಹದಿನೈದು ವರ್ಷ ಇರಬಹುದು, ನನ್ನ ಒಂದು ಕಿವಿಯ ಇಯರ್‌ಫೋನ್ ಮೆಲ್ಲಗೆ ಕಿತ್ತು ತನ್ನ ಕಿವಿಗೆ ಇಟ್ಟುಕೊಂಡ. 'ಏನು ನೋಡ್ತಿದೀರಿ, ಪಾ?' ಅಂದ. ಪಾ ಅಂದರೆ ಅಪ್ಪ, ನಮ್ಮ ಸಾರ್ ಜಾಗದಲ್ಲಿ ಇವರು ಹಾಗೆ ಕರೆಯುತ್ತಾರೆ. ನಾನು ಬಾಯಿ ಬಿಡುವ ಮುಂಚೆ ಉಳಿದವರನ್ನು ಕೂಗಿದ. 'ವಾಯಾಂಗ್ ಓರಾಂಗ್! ಇಂಡಿಯಾದ್ದು!' ಮನುಷ್ಯರೇ ಆಡುವ ವಾಯಾಂಗ್ ಅಂತ. ಇಯರ್‌ಫೋನ್ ತೆಗೆಸಿದರು. ಸೌಂಡ್ ಜೋರು ಮಾಡಿಸಿದರು. ಆಮೇಲೆ ಚಾಕ್ ಅದನ್ನು ಗೋಡೆಯ ಟಿವಿಗೇ ಹಾಕಿದರು. ಯಾರಿವನು ಅಂದರು, ಅಭಿಮನ್ಯು ಅಂದೆ. ಓ, ಅಬಿಮನ್ಯು, ಅರ್ಜುನಾನ ಮಗ, ಪಾಪ ಸಾಯ್ತಾನೆ ಅಂತ ಅವರೇ ಕಥೆ ಹೇಳಿದರು. ಚಂಡೆ ಏರಿದಾಗ ಎಲ್ಲರೂ ಮೇಜು ಬಡಿದರು. ಅಭಿಮನ್ಯು ಗಿರಗಿರ ಸುತ್ತು ಹಾಕಿದಾಗ ಒಬ್ಬ ಎದ್ದು ತಾನೂ ಸುತ್ತಿ ಬೆಂಚಿಗೆ ತಾಗಿ ಬಿದ್ದ. ಒಂದು ಅಕ್ಷರ ಕನ್ನಡ ಯಾರಿಗೂ ಬರುವುದಿಲ್ಲ.

ಅದನ್ನು ವಿಡಿಯೋ ಮಾಡಿ ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಕಣ್ಣಲ್ಲಿ ನೀರು ಬಂದಿತ್ತು ಅಂತ ಬೇಕಾದರೆ ಇಲ್ಲೇ ಒಪ್ಪಿಕೊಳ್ಳುತ್ತೇನೆ. ಅಮ್ಮ ಒಂದು ಕೈಮುಗಿಯುವ ಚಿತ್ರ ಹಾಕಿದರು. ಸಾಗರದಿಂದ ಭಾವನ ಉತ್ತರ ಹತ್ತು ನಿಮಿಷ ಬಿಟ್ಟು ಬಂತು. 'ಅಭಿಮನ್ಯು ಅಡ್ಡಿಲ್ಲ ಮಾರಾಯ. ಆದರೆ ಮದ್ದಳೆ ಸ್ವಲ್ಪ ಮುಂದೆ ಓಡ್ತಾ ಇದೆ, ಅಲ್ವಾ?'

ಇನ್ನೊಂದು ಸಲ ಹಾಕಿ ಕೇಳಿದೆ. ನಿಜವಾಗಿಯೂ ಓಡುತ್ತಿತ್ತು.